ಹಿತವಾದ ಒರೆ

ನನ್ನ ಗಂಡ ಪಿಸ್ತೂಲನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳುತ್ತಿದ್ದ ಎಂಬುದು ನಾಲ್ಕು ವರ್ಷ ಅವನ ಜೊತೆ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿಕೊಂಡರೆ ನಮ್ಮೂರಿನಲ್ಲಿ ಯಾರೂ ನಗುವುದಿಲ್ಲ. ಒಳ್ಳೆಯ ಗಂಡ ಸಿಕ್ಕಿದ್ದ ನಿನಗೆ ಎನ್ನುತ್ತಾರೆ. ಊರಿನ ಒಂದೊಂದು ಮನೆಗೂ ಒಂದೊಂದು ಪಿಸ್ತೂಲು ಇದೆ. ಮನೆಯ ದೊಡ್ಡವರಲ್ಲಿ ಒಬ್ಬರು ಹೊಸ್ತಿಲು ದಾಟುವಾಗಲೆಲ್ಲ ಅದನ್ನು ಮೈಮೇಲೆ ಇಟ್ಟುಕೊಂಡಿರಬೇಕು, ಮತ್ತು ಅದು ಯಾರ ಕಣ್ಣಿಗೂ ಬೀಳಬಾರದು. ಗುಂಡುಗಳು ಯಾರ ಮನೆಯಲ್ಲೂ ಇಲ್ಲ. ಅವು ಎಲ್ಲಿ ಹೋದವು ಎಂದು ಕೇಳುವ ರೂಢಿಯೂ ಇಲ್ಲ.

ಉಳಿದಂತೆ ನಮ್ಮದು ಸಾಧಾರಣ ಊರು. ದರ್ಜಿಗಳು ಬಟ್ಟೆಯ ಒಂದು ಪಕ್ಕವನ್ನು ಸಡಿಲ ಬಿಟ್ಟು ಹೊಲಿಯಬೇಕು, ಆದರೆ ಯಾವ ಪಕ್ಕ ಎಂದು ಗಿರಾಕಿಯನ್ನು ಕೇಳುವಂತಿಲ್ಲ. ಹಾಗಾಗಿ ಎರಡೂ ಪಕ್ಕ ಸಡಿಲ ಬಿಡುತ್ತಾರೆ, ಊರಿಗೆ ಊರೇ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಕಾಣುತ್ತದೆ. ಸ್ಟುಡಿಯೋದವರು ಮದುವೆಯ ಫೋಟೋವನ್ನೂ ಎದೆಯಿಂದ ಮೇಲಕ್ಕೆ ಮಾತ್ರ ತೆಗೆಯುತ್ತಾರೆ. ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ತೀರಾ ಬೇಕಾದವರು ಭುಜಕ್ಕೆ ಭುಜ ತಾಗಿಸುತ್ತಾರೆ, ಅಷ್ಟೆ. ಯಾರದಾದರೂ ಪಿಸ್ತೂಲು ಅಕಸ್ಮಾತ್ ಕಾಣಿಸಿಬಿಟ್ಟರೆ ನೋಡಿದವರು ತಲೆಯೆತ್ತಿ ಮೋಡದ ಮಾತು ತೆಗೆಯಬೇಕು. ಅಳುವವರನ್ನಂತೂ ನೋಡಲೇಬಾರದು. ಅಳುವವರು ಕಣ್ಣೊರೆಸಲು ಕೈಯೆತ್ತುತ್ತಾರೆ, ಕೈಯೆತ್ತಿದರೆ ಸೆರಗು ಸರಿಯುತ್ತದೆ, ಅಂಗಿ ಮೇಲೇಳುತ್ತದೆ, ಒಳಗಿನದು ತೋರುತ್ತದೆ. ಆದ್ದರಿಂದ ಸಾವಿನ ಮನೆಗಳಲ್ಲಿ ನಮ್ಮವರು ಸೂರಿನ ತೊಲೆಗಳನ್ನು ಎಣಿಸುತ್ತ ಕೂರುತ್ತಾರೆ.

ಹೋದ ಚಳಿಗಾಲದಲ್ಲಿ ನಮ್ಮ ಮನೆಯ ತೊಲೆಗಳನ್ನೂ ಎಣಿಸಿದರು. ಉಮಾಪತಿ ಬೆಳಿಗ್ಗೆ ಬಚ್ಚಲಿನಿಂದ, ಪೇಸ್ಟ್ ಮುಗೀತಾ ಬಂತು ಕಣೇ, ಎಂದ. ನಾನು ಪೇಪರಿನಿಂದ ತಲೆಯೆತ್ತದೆ ಹೂಂ ಎಂದೆ. ಆಮೇಲೆ ಚೊಂಬು ಬಿದ್ದ ಸದ್ದು ಕೇಳಿತು. ತಲೆಯೊಳಗಿನ ಒಂದು ನರ ಒಡೆದಿತ್ತಂತೆ. ಅವನಿಗೆ ಮೂವತ್ತೈದು ವರ್ಷ. ನಮ್ಮ ದಾಂಪತ್ಯದಲ್ಲಿ ನಾನಾಡಿದ ಕೊನೆಯ ಮಾತು ಆ ಹೂಂ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಎರಡು ವರ್ಷ ಹುಡುಗಿಯರ ಕಾಲೇಜಿನಲ್ಲಿ ಪಾಠ ಹೇಳಿದವಳು, ಇನ್ನೂ ಒಂದೆರಡು ಅಕ್ಷರ ಸೇರಿಸಬಹುದಿತ್ತು.

ನಾನು ಅಳಲಿಲ್ಲ. ಅತ್ತಾಳು ಎಂದು ಊರು ಹದಿಮೂರು ದಿನ ಮುಖ ತಿರುಗಿಸಿಕೊಂಡು ಕಾದಿತು. ಕೊನೆಗೆ ಕತ್ತು ಹಿಡಿದುಕೊಂಡು ಎಲ್ಲರೂ ಅವರವರ ಮನೆಗೆ ಹೋದರು. ಅಪ್ಪ ನನಗೆ ಸೌದಾಮಿನಿ ಎಂದು ಹೆಸರಿಟ್ಟಿದ್ದರು. ಮಿಂಚು ಎಂದರ್ಥ. ಮಿಂಚಿದ್ದನ್ನು ಯಾರೂ ಕಂಡಿಲ್ಲ.

ಹದಿಮೂರನೆಯ ದಿನ ಪಂಚಾಯಿತಿಯ ಗುಮಾಸ್ತರು ಬಾಗಿಲ ಪಕ್ಕದ ಗೂಡು ತೆರೆದು, ಒಳಗಿದ್ದುದನ್ನು ಕಣ್ಣುಮುಚ್ಚಿಕೊಂಡು ಬಿಳಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಒಂದು ಪಿಸ್ತೂಲು, ಅದನ್ನಿಡುವ ಒಂದು ಚರ್ಮದ ಒರೆ. ನಾನು ಗಂಟಿನೊಳಗೆ ಕೈ ಹಾಕಿ ಪಿಸ್ತೂಲನ್ನು ಮಾತ್ರ ಈಚೆಗೆ ತೆಗೆದೆ. ಒರೆಯನ್ನು ನೋಡದೆ ಗಂಟನ್ನು ಮತ್ತೆ ಬಿಗಿದು ಅಕ್ಕಿ ಡಬ್ಬದ ಹಿಂದೆ ತಳ್ಳಿದೆ. ಯಾಕೆ ಎಂದು ಕೇಳಿದ್ದರೆ, ಪುರುಸೊತ್ತಿಲ್ಲ ಎನ್ನುತ್ತಿದ್ದೆನೋ ಏನೋ. ಆ ದಿನಗಳಲ್ಲಿ ನನ್ನ ಬಳಿ ಪುರುಸೊತ್ತಲ್ಲದೆ ಬೇರೇನೂ ಇರಲಿಲ್ಲ.

ಮನೆಯ ಪಿಸ್ತೂಲು ಹೊತ್ತವರು ತೀರಿಕೊಂಡರೆ, ಮುಂದೆ ಹೊರುವವರು ಆರು ತಿಂಗಳೊಳಗೆ ನಡೆ ಕೊಡಬೇಕು. ಗಡಿಯಾರದ ಕಂಬದಿಂದ ಸಿಹಿನೀರಿನ ಬಾವಿಯವರೆಗೆ, ಸಂತೆಬೀದಿಯಲ್ಲಿ, ನೂರಿಪ್ಪತ್ತು ಹೆಜ್ಜೆ. ಬಾವಿಯ ಪಕ್ಕದ ಬೆಂಚಿನ ಮೇಲೆ ಮೂವರು ಹಿರಿಯರು ಸ್ಲೇಟು ಹಿಡಿದು ಕೂತಿರುತ್ತಾರೆ. ಪಿಸ್ತೂಲು ಮೈಮೇಲೆ ಎಲ್ಲಿದೆ ಎಂದು ಒಬ್ಬೊಬ್ಬರೂ ಬೇರೆ ಬೇರೆ ಬರೆಯುತ್ತಾರೆ. ಇಬ್ಬರದು ಒಂದೇ ಆಗಿ, ಅದು ಸರಿಯೂ ಆದರೆ ನಡೆ ಬಿತ್ತು. ಪಿಸ್ತೂಲು ಗಂಡನ ಅಣ್ಣತಮ್ಮಂದಿರ ಮನೆಗೆ ಹೋಗುತ್ತದೆ, ಪಿಸ್ತೂಲಿನ ಹಿಂದೆ ಮನೆಯವರೂ ಹೋಗಬೇಕು, ಇರುವ ಮನೆಗೆ ಬೀಗ.

ನನ್ನ ಭಾವ ಪಶುಪತಿ ಒಳ್ಳೆಯವರು. ತೊಂದರೆಯೇ ಅದು. ನಡೆಯ ದಿನ ಗೊತ್ತಾಗುವ ಮೊದಲೇ ತಮ್ಮ ಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಫ್ಯಾನು ಹಾಕಿಸಿ, ನನ್ನ ಪುಸ್ತಕಗಳಿಗೆ ಅಂತ ಒಂದು ಕಪಾಟು ತಂದಿಟ್ಟಿದ್ದರು. ಓರಗಿತ್ತಿ ಅನಸೂಯಕ್ಕ ಕರೆದುಕೊಂಡು ಹೋಗಿ ತೋರಿಸಿದರು. ಭಾವ ಬಾಗಿಲಲ್ಲಿ ನಿಂತು, ನೀನು ನಡೇಲಿ ಗೆದ್ದರೂ ಸಂತೋಷ, ಬಿದ್ದರೂ ಸಂತೋಷ ಕಣಮ್ಮ, ಫ್ಯಾನು ಮಾತ್ರ ಸದ್ದು ಮಾಡಲ್ಲ, ಎಂದರು. ನಾನು ಫ್ಯಾನನ್ನು ಹೊಗಳಿದೆ. ಅವರ ಮೂರು ಮಕ್ಕಳು ನನ್ನ ಸೆರಗು ಹಿಡಿದು ಓಡಾಡಿದವು.

ನನ್ನ ಬಚ್ಚಲಿನ ಗೂಡಿನಲ್ಲಿ ಆ ಪೇಸ್ಟಿನ ಟ್ಯೂಬು ಇನ್ನೂ ಇದೆ. ನಡುವಿನಲ್ಲಿ ಉಮಾಪತಿಯ ಹೆಬ್ಬೆರಳಿನ ಗುಳಿ. ಬುಡದಿಂದ ಒತ್ತು ಎಂದು ನಾಲ್ಕು ವರ್ಷ ಜಗಳವಾಡಿದ್ದೆ. ಅವನು ನಡುವಿನಲ್ಲೇ ಒತ್ತುತ್ತಿದ್ದ. ಒಳಗೆ ಎರಡು ದಿನಕ್ಕಾಗುವಷ್ಟು ಪೇಸ್ಟ್ ಇರಬಹುದು. ಭಾವನ ಮನೆಗೆ ಹೋದರೆ ಮೂರು ಮಕ್ಕಳಲ್ಲಿ ಒಂದು ಮೊದಲ ಬೆಳಿಗ್ಗೆಯೇ ಅದನ್ನು ಒತ್ತಿಬಿಡುತ್ತದೆ. ಬೈಯಲೂ ಆಗುವುದಿಲ್ಲ. ನಾನು ನಡೆಯಲ್ಲಿ ಗೆಲ್ಲಬೇಕಾಗಿದ್ದುದು ಇಷ್ಟಕ್ಕೇ. ದೊಡ್ಡ ಕಾರಣ ಇದ್ದಿದ್ದರೆ ಖಂಡಿತ ಬರೆಯುತ್ತಿದ್ದೆ.

ನಡೆಗೆ ಐದು ವಾರ ಉಳಿದಾಗ ಒರೆ ಕೊಳ್ಳಲು ಹೊರಟೆ. ಅಲ್ಲಿಯವರೆಗೆ ಹೊಸ್ತಿಲು ದಾಟಿದವಳಲ್ಲ. ಭಾವನ ಮನೆಗೆ ಹೋದದ್ದೊಂದೇ ಸಲ, ಅದೂ ಅವರ ಗಾಡಿಯಲ್ಲಿ, ಪಿಸ್ತೂಲನ್ನು ಊಟದ ಡಬ್ಬಿಯ ಹಾಗೆ ಮಡಿಲಲ್ಲಿ ಸುತ್ತಿಟ್ಟುಕೊಂಡು.

ಒರೆ ಹೊಲಿಯುವ ದೊಡ್ಡತಾಯಮ್ಮನ ಅಂಗಡಿ ಚಪ್ಪಲಿ ಸಾಲಿನ ಕೊನೆಗಿದೆ. ಒಂದು ಹೊಲಿಗೆ ಯಂತ್ರ, ಮೇಣ ಹಚ್ಚಿದ ದಾರದ ಉಂಡೆಗಳು, ದಬ್ಬಳಗಳು, ಗೋಡೆಗೆ ನೇತುಹಾಕಿದ ಮರದ ಪಿಸ್ತೂಲುಗಳು. ಊರಿಗೆಲ್ಲ ನೋಡಬಾರದೆಂಬ ನಿಯಮವಾದರೆ ತಾಯಮ್ಮನಿಗೆ ನೋಡುವುದೇ ಕಸುಬು. ಆಕೆಯ ಎದುರು ನಿಂತರೆ ಎಕ್ಸ್‌ರೇ ಯಂತ್ರದ ಎದುರು ನಿಂತ ಹಾಗಿರುತ್ತದೆ. ಯಾರಿಗೆ ಎಂದು ಕೇಳಿದರು. ನನಗೇ ಎಂದೆ. ಹಳೆಯ ಒರೆ ತಂದಿದ್ದೀಯಾ ಎಂದರು. ಕಳೆದುಹೋಗಿದೆ ಎಂದೆ. ನಮ್ಮೂರಿನಲ್ಲಿ ಒರೆ ಕಳೆದುಹೋಗುವುದಿಲ್ಲ. ತಾಯಮ್ಮ ಒಂದು ಗಳಿಗೆ ನನ್ನ ಮುಖ ನೋಡಿ ಟೇಪು ಕೈಗೆ ತೆಗೆದುಕೊಂಡರು.

ನಾನು ಗೋಡೆಯ ಮೇಲಿದ್ದ ಒಂದನ್ನು ತೋರಿಸಿದೆ. ಜೇನುಬಣ್ಣದ ಚರ್ಮ, ಅಂಚಿಗೆ ಬಳ್ಳಿಯ ಚಿತ್ತಾರ.

"ಹೊಸಬರೆಲ್ಲ ಬಂದ ತಕ್ಷಣ ಅದನ್ನೇ ತೋರಿಸ್ತಾರೆ," ಎಂದರು ತಾಯಮ್ಮ. "ಲಂಗದೊಳಗೆ ಇಟ್ಕೊಳೋದಕ್ಕೆ ಚೆಂದ ಯಾಕವ್ವಾ? ಯಾರಿಗೆ ತೋರಿಸ್ತೀಯ?"

ಹಾಗಾದರೆ ಹಿತವಾದದ್ದು ಕೊಡಿ ಎಂದೆ. ನಿಂತಿರುವಾಗ ಎಲ್ಲ ಒರೆಯೂ ಹಿತವೇ ಎಂದು ತಾಯಮ್ಮ ತಿಳಿಸಿ ಹೇಳಿದರು. ಗೊತ್ತಾಗುವುದು ಕೂತಾಗ, ಬಗ್ಗಿದಾಗ, ಸೀನಿದಾಗ. ಒರೆಗಿಂತ ಅದನ್ನು ಹೊರುವ ಪಟ್ಟಿ ಮುಖ್ಯ. ಪಟ್ಟಿ ಮೆತ್ತಗಿದ್ದರೆ ಪಿಸ್ತೂಲು ಜೋಲುತ್ತದೆ, ಜೋಲಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಕೈ ಹೋದ ಕಡೆ ಬೆಂಚಿನವರ ಕಣ್ಣು ಹೋಗುತ್ತದೆ. ಹೊಸಬರು ಸಿಕ್ಕಿಬೀಳುವುದು ಉಬ್ಬಿನಿಂದಲ್ಲ, ಮುಟ್ಟಿ ಮುಟ್ಟಿ ನೋಡಿಕೊಳ್ಳುವುದರಿಂದ. ಹಿತವಾದ ಒರೆಯೆಂದರೆ ಮರೆತುಹೋಗುವ ಒರೆ. ಒಂದೊಂದನ್ನೂ ನಾಲ್ಕು ನಾಲ್ಕು ದಿನ ಹಾಕಿಕೊಂಡು ಮನೆಗೆಲಸ ಮಾಡು, ಎಲ್ಲಿ ಒತ್ತುತ್ತದೆ ಎಂದು ಬಂದು ಹೇಳು, ಅದರ ಮೇಲೆ ನಿನ್ನದನ್ನು ಹೊಲಿಯುತ್ತೇನೆ ಎಂದರು.

ಇದು ನನಗೆ ಹಿಡಿಸಿತು. ವಿಶ್ವವಿದ್ಯಾಲಯ ಕಲಿಸಿದ್ದು ಇದೊಂದನ್ನೇ. ಇನ್ನೂರು ಪುಟದ ನೋಟ್‌ಬುಕ್ಕು ತಂದು ಗೆರೆ ಎಳೆದೆ. ಒರೆಯ ಬಗೆ, ದಿನ, ಕೂತಾಗ, ನಿಂತಾಗ, ಬಗ್ಗಿದಾಗ, ಹಿತ ಐದಕ್ಕೆ ಎಷ್ಟು. ಕೊನೆಯಲ್ಲಿ ಷರಾ.

ಮೊದಲು ಕಣಕಾಲಿನ ಒರೆ. ಬಲಗಾಲಿಗೆ ಅರ್ಧ ಕೆಜಿ ಕಟ್ಟಿಕೊಂಡು ಬಾತುಕೋಳಿಯ ಹಾಗೆ ರಸ್ತೆಗಿಳಿದೆ. ಎದುರು ಮನೆಯ ಮೇಷ್ಟ್ರು ಕಾಲಿಗೆ ಮುಳ್ಳು ಹೊಕ್ಕಿತೇ ಎಂದು ಕೇಳಲು ಬಾಯಿ ತೆರೆದರು, ಅರ್ಥವಾಯಿತು, ತೆರೆದ ಬಾಯನ್ನು ಹಾಗೇ ಮೇಲಕ್ಕೆತ್ತಿ, ಮೋಡ ಆಗಿದೆ, ಎಂದರು. ಆಕಾಶ ತೊಳೆದಿಟ್ಟ ಸ್ಟೀಲಿನ ತಟ್ಟೆಯ ಹಾಗಿತ್ತು. ಹಿತ: ಮೂರು.

ಆಮೇಲೆ ಕಂಕುಳ ಒರೆ. ರವಿಕೆಯ ಒಳಗೆ, ಎಡಗಡೆ. ನಾಲ್ಕು ದಿನ ನನ್ನ ಒಂದು ಕೈ ದೇಹದಿಂದ ದೂರ ನಿಂತಿತ್ತು, ಯಾರಿಗೋ ಜಾಗ ಬಿಟ್ಟ ಹಾಗೆ. ಬಟ್ಟೆ ಒಣಹಾಕಲು ಕೈಯೆತ್ತಿದಾಗ ಪಿಸ್ತೂಲು ನೀಲಿ ಹಾಕಿದ್ದ ಬಕೆಟ್ಟಿಗೆ ಬಿತ್ತು. ಹಿತ: ಮೂರು. ಷರಾದಲ್ಲಿ, ಪಿಸ್ತೂಲು ಬೆಳ್ಳಗಾಗಲಿಲ್ಲ, ಎಂದು ಬರೆದೆ.

ಮೂರನೆಯದು ಹೊಟ್ಟೆಪಟ್ಟಿ. ಬಾಣಂತಿಯರು ಕಟ್ಟಿಕೊಳ್ಳುವಂಥ ಅಗಲದ ಪಟ್ಟಿಗೆ ಒಂದು ಜೇಬು. ಮೆತ್ತಗಿತ್ತು. ಇದೇ ಇರಲಿ ಎಂದು ತರಕಾರಿ ಮಾರುಕಟ್ಟೆಗೆ ಹೋದೆ. ಬದನೆಕಾಯಿ ಆರಿಸಲು ಬಗ್ಗಿದೆ. ಮೆತ್ತಗಿನ ಪಟ್ಟಿ ಬಾಯಿಬಿಟ್ಟಿತು. ಪಿಸ್ತೂಲು ನೆರಿಗೆಯ ಮೇಲಿನಿಂದ ಜಾರಿ ಬದನೆಕಾಯಿಯ ರಾಶಿಗೆ ಹೋಗಿ ಮಲಗಿತು. ಎರಡೂ ಹೊಳೆಯುವ ಕಪ್ಪು. ತರಕಾರಿಯವಳು ಒಂದು ರೆಪ್ಪೆ ಅಲ್ಲಾಡಿಸದೆ ಬದನೆಕಾಯಿಯನ್ನು ತೂಗಿದಳು, ಪಿಸ್ತೂಲನ್ನು ತೂಗದೆ ಚೀಲದ ತಳಕ್ಕೆ ಹಾಕಿದಳು, ಅದರ ಮೇಲೆ ಬದನೆಕಾಯಿ ಸುರಿದಳು, ಅದರ ಮೇಲೆ ಒಂದು ಕಂತೆ ಕೊತ್ತಂಬರಿ ಇಟ್ಟಳು. "ಮೋಡ ಆಗಿದೆ ಅಲ್ವಾ ಅಕ್ಕಾ," ಎಂದಳು. ನನ್ನ ಸುತ್ತಲಿದ್ದ ಹತ್ತು ಹನ್ನೆರಡು ಜನರೂ ಆಕಾಶ ನೋಡುತ್ತಿದ್ದರು. ನಾನೂ ನೋಡಿದೆ. ಮನೆಗೆ ಬಂದು ಬರೆದೆ, ಹಿತ: ಮೂರು.

ಆ ಹೊತ್ತಿಗಾದರೂ ನನಗೆ ಹೊಳೆಯಬೇಕಿತ್ತು. ಅಳೆದದ್ದಕ್ಕೆಲ್ಲ ಒಂದೇ ಅಂಕ ಬಂದರೆ ವಸ್ತುಗಳನ್ನು ಅನುಮಾನಿಸಬೇಡಿ, ಅಳತೆಗೋಲನ್ನು ಅನುಮಾನಿಸಿ ಎಂದು ಹುಡುಗಿಯರಿಗೆ ನಾನೇ ಪಾಠ ಹೇಳಿದ್ದೆ. ಪರೀಕ್ಷೆಯಲ್ಲೂ ಕೇಳಿದ್ದೆ. ಬರೆಯದವರಿಗೆ ಅಂಕ ಕಳೆದಿದ್ದೆ.

ನಾಲ್ಕನೆಯದು ಸೊಂಟದ ಒರೆ, ಗಟ್ಟಿ ಚರ್ಮದ್ದು, ಲಂಗದ ಲಾಡಿಯ ಕೆಳಗೆ ಸುತ್ತುವ ಪಟ್ಟಿಯದು. ನಾಲ್ಕು ದಿನ ಹಾಕಿಕೊಂಡೆ. ಐದನೆಯ ದಿನ ನೋಟ್‌ಬುಕ್ಕು ಹಿಡಿದು ತಾಯಮ್ಮನಲ್ಲಿಗೆ ಹೋದೆ. ಎಲ್ಲಿ ಒತ್ತುತ್ತೆ ಎಂದು ಕೇಳಿದರು. ಎಲ್ಲೂ ಇಲ್ಲ, ಪರವಾಗಿಲ್ಲ ಎಂದೆ. ಕೂತಾಗ? ಪರವಾಗಿಲ್ಲ. ಬಗ್ಗಿದಾಗ? ಪರವಾಗಿಲ್ಲ. ಕಳೆದ ಮೂರು ಸಲವೂ ಇದನ್ನೇ ಹೇಳಿದ್ದೆ. ತಾಯಮ್ಮ ಅಂಗಡಿಯ ಬಾಗಿಲು ಎಳೆದು, ಪಕ್ಕದ ಪರದೆಯ ಹಿಂದೆ ಕರೆದುಕೊಂಡು ಹೋಗಿ ಲಾಡಿ ಸಡಿಲಿಸಿದರು. ಲಂಗ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಚ್ಚಿ ಬಿಡಿಸಿದರು. ಬಲಗಡೆ ಎಲುಬಿನ ಮೇಲೆ ರೂಪಾಯಿಯಷ್ಟಗಲ ಬೊಬ್ಬೆ ಎದ್ದು, ಒಡೆದು, ರಕ್ತ ಒಣಗಿತ್ತು.

"ಇದು ನೋಯ್ತಿಲ್ವಾ?"

ನಾನು ಬಗ್ಗಿ ನೋಡಿದೆ. ನೋಯುತ್ತಿರಬೇಕು ಎಂದೆ.

"ನೋಯ್ತಿರಬೇಕು ಅಂತ ಅಲ್ಲ ಕಣವ್ವಾ. ನೋಯ್ತಿದೆಯಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಗೋಡೆಯ ಆಚೆ ಪಕ್ಕದ ಮನೆಯಲ್ಲಿ ರೇಡಿಯೋ ಹಾಕಿದ್ದರೆ ಹಾಡು ಯಾವುದೆಂದು ತಿಳಿಯುವುದಿಲ್ಲ, ಏನೋ ಹಾಡುತ್ತಿದೆ ಎಂದಷ್ಟೇ ತಿಳಿಯುತ್ತದೆ. ಹಾಗಿತ್ತು. ಇಷ್ಟನ್ನು ಹೇಳಲಾರದೆ, ಐದಕ್ಕೆ ಮೂರು, ಎಂದೆ. ನೋಟ್‌ಬುಕ್ಕು ತೆರೆದು ತೋರಿಸಿದೆ ಕೂಡ. ತಾಯಮ್ಮನಿಗೆ ಓದು ಬರುವುದಿಲ್ಲ, ಅಂಕಿ ಮಾತ್ರ ಗೊತ್ತು. ಪುಟದ ಮೇಲಿಂದ ಕೆಳಗೆ ಬೆರಳಿಟ್ಟು ಮೂರು, ಮೂರು, ಮೂರು ಎಂದು ಓದಿದರು. ಆಮೇಲೆ ನೋಟ್‌ಬುಕ್ಕು ಮುಚ್ಚಿ ನನ್ನ ಕೈಗಿಟ್ಟರು.

ನೋಯುವುದು ಗೊತ್ತಾಗದವರಿಗೆ ತಾನು ಒರೆ ಹೊಲಿಯುವುದಿಲ್ಲ ಎಂದರು. ನಾಳೆ ಕೀವಾಗಿ ಆಸ್ಪತ್ರೆ ಸೇರಿದರೆ ತಾಯಮ್ಮನ ಒರೆ ಎಂದು ಹೆಸರು ಬರುತ್ತದೆ, ಮೂವತ್ತು ವರ್ಷದ ಕಸುಬು. ನಡೆಗೆ ಇನ್ನು ಹನ್ನೆರಡೇ ದಿನ ಎಂದು ನಾನು ಹೇಳಿದೆ. ಬೇಡಿಕೊಳ್ಳುವುದು ಹೇಗೆಂದು ಮರೆತುಹೋಗಿತ್ತು. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದೆ. ಆಕೆ ಬೊಬ್ಬೆಗೆ ಅರಿಶಿನ ಮತ್ತು ಎಣ್ಣೆ ಹಚ್ಚುತ್ತ, "ಕಳೆದುಹೋಗಿರೋದನ್ನ ಹುಡುಕಿ ತಗೊಂಡು ಬಾ. ಅದಿಲ್ಲದೆ ನನ್ನ ಬಾಗಿಲು ತಟ್ಟಬೇಡ," ಎಂದರು.

ಮನೆಗೆ ಹೋಗಿ ಅಕ್ಕಿ ಡಬ್ಬ ಸರಿಸಿದೆ. ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ.

ಸೊಂಟದ ಒರೆ. ಬಲಗಡೆಯದು. ಅವನು ನನ್ನ ಜೊತೆ ನಡೆಯುವಾಗ ಯಾವಾಗಲೂ ನನ್ನನ್ನು ತನ್ನ ಎಡಕ್ಕೆ ಕರೆದುಕೊಳ್ಳುತ್ತಿದ್ದ. ಎಡಗಡೆ ಹೃದಯವಿದೆಯೆಂದು ನಾನು ಭಾವಿಸಿ, ಮದುವೆಯಾದ ಹೊಸದರಲ್ಲಿ ಒಂದು ಕವಿತೆಯನ್ನೂ ಬರೆದಿದ್ದೆ. ಪುಣ್ಯಕ್ಕೆ ಯಾರಿಗೂ ತೋರಿಸಿರಲಿಲ್ಲ. ಬಲಗಡೆ ಪಿಸ್ತೂಲಿತ್ತು, ಅಷ್ಟೆ. ಅದು ನನಗೆ ತಾಗದಿರಲಿ ಎಂದು ಎಡಕ್ಕೆ ಕರೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, ಕವಿತೆಯನ್ನು ಅಷ್ಟೇನೂ ತಿದ್ದಬೇಕಾಗಿಲ್ಲ ಅನಿಸಿತು.

ಪಟ್ಟಿಯಲ್ಲಿ ಅಂಗಡಿಯವರು ಹಾಕಿದ ಐದು ತೂತುಗಳಿದ್ದವು, ದುಂಡಗೆ, ಸಮವಾಗಿ. ಆರನೆಯದು ಅವನೇ ಹಾಕಿದ್ದು. ಮದುವೆಯಾದ ಮೇಲೆ ಹೊಟ್ಟೆ ಬಂದಿತ್ತು. ಅಡುಗೆ ಅವನದೇ ಆದ್ದರಿಂದ ಅದರ ಹೊಣೆ ನನ್ನದಲ್ಲ. ಆರನೆಯ ತೂತು ಸೊಟ್ಟಗಿತ್ತು, ಅಂಚು ಹರಿದು ಒಂದು ಕಡೆ ಗಟ್ಟಿಯಾಗಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಒಂದು ವರ್ಷದ ಹಿಂದೆ ನನ್ನ ಕಂಪಾಸಿನ ಮುಳ್ಳು ಬಗ್ಗಿಹೋಗಿತ್ತು. ಏನು ಮಾಡಿದೆ ಇದಕ್ಕೆ ಎಂದು ಕೇಳಿದ್ದೆ. ನಾನ್ಯಾಕೆ ಮುಟ್ಟಲಿ ನಿನ್ನ ಕಂಪಾಸು ಎಂದಿದ್ದ. ಎರಡು ದಿನ ಮಾತು ಬಿಟ್ಟಿದ್ದೆವು.

ಮರುದಿನ ತಾಯಮ್ಮ ಆ ಒರೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಇದು ತಾನೇ ಹೊಲಿದದ್ದು ಎಂದರು. ಅವನ ಸೊಂಟ ಹೀಗಿತ್ತು, ಕೂರುವಾಗ ಒಂದು ಕಡೆ ವಾಲುತ್ತಿದ್ದ, ಒರೆ ಚುಚ್ಚುತ್ತೆ ಎಂದು ಮೂರು ಸಲ ವಾಪಸು ತಂದು ತಲೆ ತಿಂದಿದ್ದ ಎಂದೆಲ್ಲ ಹೇಳಿದರು. ನನಗೆ ಗೊತ್ತಿರದಿದ್ದದ್ದು ಈಕೆಗೆ ಗೊತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ನೆನಪು. ಆಮೇಲೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಷರಾದ ಕೆಳಗೆ. ಚರ್ಮ ಚೆನ್ನಾಗಿ ಪಳಗಿದೆ, ಹೊಸದು ಬೇಡ, ಇದನ್ನೇ ಚಿಕ್ಕದು ಮಾಡಿ ನಿನ್ನ ಎಲುಬಿಗೆ ಕೂರಿಸುತ್ತೇನೆ ಎಂದು ತಾಯಮ್ಮ ಹೇಳಿದರು. ಒರೆಯ ಬಾಯಿಯನ್ನು ಗಟ್ಟಿಮಾಡಿ, ಬೊಬ್ಬೆಯೆದ್ದ ಜಾಗ ಬಿಟ್ಟು ಒಂದು ಬೆರಳು ಹಿಂದಕ್ಕೆ ವಾಲಿಸಿ ಹೊಲಿದರು. ಪಟ್ಟಿಯನ್ನು ಬಕಲಿನ ಕಡೆಯಿಂದ ಕತ್ತರಿಸಿದ್ದರಿಂದ ಸೊಟ್ಟ ತೂತು ಉಳಿಯಿತು. ಹಾಕಿಕೊಂಡಾಗ ಅದು ನನ್ನ ಎಡಪಕ್ಕೆಗೆ ಬರುತ್ತಿತ್ತು. ಅದರ ಅಂಚನ್ನು ಉಜ್ಜಿ ನುಣುಪು ಮಾಡಲಾ ಎಂದು ಕೇಳಿದರು. ನಾನು ಪರವಾಗಿಲ್ಲ ಎಂದೆ. ತಾಯಮ್ಮ ನಿಟ್ಟುಸಿರು ಬಿಟ್ಟು ಹಾಗೇ ಕಟ್ಟಿಕೊಟ್ಟರು.

ಉಳಿದ ದಿನಗಳು ಅದನ್ನು ಹಾಕಿಕೊಂಡು ಮನೆಯೊಳಗೆ ನೂರಿಪ್ಪತ್ತು ಹೆಜ್ಜೆ ಅಭ್ಯಾಸ ಮಾಡಿದೆ. ನಡುಮನೆಯಿಂದ ಬಚ್ಚಲಿಗೆ ಹದಿನೆಂಟು, ವಾಪಸು ಹದಿನೆಂಟು. ಟ್ಯೂಬಿನ ಮುಂದೆ ತಿರುಗುತ್ತಿದ್ದೆ. ಹಿತ: ಮೂರು, ಮೂರು, ಮೂರು.

ನಡೆಯ ದಿನ ಬೆಳಿಗ್ಗೆ ಹತ್ತಕ್ಕೆ ಒಳ್ಳೆಯ ಬಿಸಿಲು. ಸಂತೆಬೀದಿಯ ಎರಡೂ ಬದಿ ಜನ. ನಡೆ ನೋಡಲು ಬರುವುದು ಮರ್ಯಾದೆ, ಬಂದ ಮೇಲೆ ನೋಡದಿರುವುದು ಇನ್ನೂ ದೊಡ್ಡ ಮರ್ಯಾದೆ; ಎಲ್ಲರೂ ಕೈಕಟ್ಟಿ ತಮ್ಮ ಎದುರಿನವರ ತಲೆಯ ಮೇಲೆ ನೋಡುತ್ತಿದ್ದರು. ಬೆಂಚಿನ ಮೇಲೆ ಒಬ್ಬ ಸೂಲಗಿತ್ತಿ, ಒಬ್ಬ ಗರಡಿಯ ಉಸ್ತಾದ, ಮತ್ತು ನಿವೃತ್ತ ಮೋಜಣಿದಾರ ವಾಮನರಾಯರು. ರಾಯರು ನೆರಳು ನೋಡಿಯೇ ಪಿಸ್ತೂಲು ಎಲ್ಲಿದೆ ಎಂದು ಹೇಳಬಲ್ಲವರು, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲವಂತೆ. ಬಾವಿಯ ಆಚೆ ಭಾವ ಮತ್ತು ಅನಸೂಯಕ್ಕ ನಿಂತಿದ್ದರು. ಭಾವನ ಕೈಯಲ್ಲಿ ಒಂದು ಫ್ಲಾಸ್ಕು. ಗೆದ್ದರೂ ಕಾಫಿ, ಬಿದ್ದರೂ ಕಾಫಿ.

ನಡೆದೆ. ಮೊದಲ ಅರವತ್ತು ಹೆಜ್ಜೆ ಚೆನ್ನಾಗಿ ಹೋದವು. ಏನೂ ಅನಿಸದವಳಿಗೆ ನಡೆ ಸುಲಭ. ಮೈಯೆಲ್ಲ ಒಂದೇ ಥರ ಬಿಗಿದಿರುವಾಗ ಪಿಸ್ತೂಲು ಎಲ್ಲಿದೆ ಎಂದು ಯಾರು ಹೇಳಿಯಾರು. ವಾಮನರಾಯರ ಹುಬ್ಬು ಗಂಟಾಗಿತ್ತು. ಆದರೂ ಅವರ ಬಳಪ ಸ್ಲೇಟಿನ ಮೇಲೆ ಏನೋ ಬರೆಯಿತು. ಉಸ್ತಾದ ಇನ್ನೂ ಬರೆದಿರಲಿಲ್ಲ, ಸೂಲಗಿತ್ತಿ ಕಣ್ಣು ಕಿರಿದು ಮಾಡಿ ನನ್ನ ಸೊಂಟವನ್ನೇ ನೋಡುತ್ತಿದ್ದಳು. ಇನ್ನೊಬ್ಬರು ರಾಯರ ಜೊತೆ ಒಪ್ಪಿದರೆ ಮುಗಿಯಿತು.

ಎಪ್ಪತ್ತನೆಯದೋ ಎಪ್ಪತ್ತೊಂದನೆಯದೋ ಹೆಜ್ಜೆಯಲ್ಲಿ ಎಡಪಕ್ಕೆಯಲ್ಲಿ ಏನೋ ಚುಚ್ಚಿತು.

ಮೊದಲು ಇರುವೆ ಎಂದುಕೊಂಡೆ. ಮುಂದಿನ ಹೆಜ್ಜೆಗೆ ಮತ್ತೆ ಚುಚ್ಚಿತು, ಅದೇ ಜಾಗದಲ್ಲಿ, ಇನ್ನೂ ಜೋರಾಗಿ. ಸೊಟ್ಟ ತೂತಿನ ಅಂಚು. ಬೆವರಿಗೆ ಚರ್ಮ ಮೆತ್ತಗಾಗಿ ಆ ಮುಳ್ಳು ಸರಿಯಾಗಿ ಸೊಂಟದ ಎಲುಬಿನ ಮೇಲಿನ ಮೆತ್ತನೆ ಮಾಂಸಕ್ಕೆ ಬಂದು ಕೂತಿತ್ತು. ಅದು ನೋಯುತ್ತಿತ್ತು. ನೋಯುತ್ತಿರಬೇಕು ಅಲ್ಲ, ನೋಯುತ್ತಿತ್ತು. ಆರು ತಿಂಗಳಲ್ಲಿ ಮೊದಲ ಸಲ ನನ್ನ ಮೈಯ ಒಂದು ಜಾಗ ಎಲ್ಲಿದೆ ಎಂದು ನನಗೆ ಕರಾರುವಾಕ್ಕಾಗಿ ಗೊತ್ತಾಯಿತು, ಅದೂ ಊರೆಲ್ಲ ನಿಂತಿರುವಾಗ, ಅದನ್ನು ಮುಟ್ಟಿಕೊಳ್ಳಬಾರದ ಒಂದೇ ಒಂದು ಬೀದಿಯಲ್ಲಿ. ಕೈ ತಾನಾಗಿ ಏಳಲು ಹೊರಟಿತು. ಬೆರಳುಗಳನ್ನು ಸೆರಗಿಗೆ ಸುತ್ತಿ ಕಟ್ಟಿಹಾಕಿದೆ. ಚುಚ್ಚಿತು. ಕಂಪಾಸನ್ನು ನಾನು ಮುಟ್ಟಿಲ್ಲ ಎಂದು ಎರಡು ದಿನ ಮಾತು ಬಿಟ್ಟವನು, ಕದ್ದು ಕೂತು ನಾಲಿಗೆ ಕಚ್ಚಿಕೊಂಡು ಈ ತೂತು ಕೊರೆದಿದ್ದಾನೆ. ಚುಚ್ಚಿತು. ಸುಳ್ಳ, ಎಂದುಕೊಂಡೆ. ಬಾಯಿಬಿಟ್ಟು ಹೇಳಿದೆನೋ ಏನೋ. ಕಣ್ಣಿನಿಂದ ನೀರು ಇಳಿಯತೊಡಗಿತು.

ಎರಡೂ ಬದಿಯ ಜನ ತಟ್ಟನೆ ಮುಖ ತಿರುಗಿಸಿದರು. ಬೆಂಚಿನವರ ಕೆಲಸ ನೋಡುವುದು. ಆದರೆ ಅವರೂ ನಮ್ಮೂರಿನವರೇ, ಹುಟ್ಟಿದಾಗಿನಿಂದ ಅಳುವವರಿಂದ ಕಣ್ಣು ತೆಗೆದು ಅಭ್ಯಾಸವಾದವರು. ಸೂಲಗಿತ್ತಿ ಗಡಿಯಾರದ ಕಂಬ ನೋಡಿದಳು. ಉಸ್ತಾದರು ತಲೆಯೆತ್ತಿ ನಿರ್ಮಲವಾದ ಆಕಾಶದಲ್ಲಿ ಮೋಡ ಹುಡುಕಿದರು. ಆಗ ನಾನು ಬೇಕಾದರೆ ಪಿಸ್ತೂಲನ್ನು ತಲೆಯ ಮೇಲೆ ಇಟ್ಟುಕೊಂಡು ನಡೆಯಬಹುದಿತ್ತು. ಕಣ್ಣೊರೆಸಿಕೊಳ್ಳಲಿಲ್ಲ, ಪಕ್ಕೆ ಮುಟ್ಟಿಕೊಳ್ಳಲಿಲ್ಲ, ಮೂಗಿನಿಂದಲೂ ಇಳಿಯುತ್ತಿತ್ತು. ಸೌದಾಮಿನಿಯವರ ಸವಾರಿ ಹೀಗೆ ಬಾವಿ ತಲುಪಿತು.

ಸ್ಲೇಟುಗಳನ್ನು ತಿರುಗಿಸಿದರು. ವಾಮನರಾಯರದು ಬಲಸೊಂಟ. ಉಸ್ತಾದರದು ಎಡಗಾಲು. ಸೂಲಗಿತ್ತಿಯದು ಖಾಲಿ. ಗುಮಾಸ್ತರು ಮನೆ ನನ್ನದೇ ಎಂದು ಓದಿ ಹೇಳಿದರು. ರಾಯರು ತಮ್ಮ ಸ್ಲೇಟನ್ನು ತಾವೇ ಒಮ್ಮೆ ನೋಡಿಕೊಂಡು ಅಂಗೈಯಿಂದ ಒರೆಸಿಬಿಟ್ಟರು. ಭಾವ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟು, ಮರದ ಕಡೆ ನೋಡುತ್ತ, "ಒಳ್ಳೇದಾಯ್ತಮ್ಮ. ಫ್ಯಾನು ಇರಲಿ, ಸೆಕೆ ಆದಾಗ ಬಂದು ಹೋಗು," ಎಂದರು. ಅವರ ದನಿ ಅವರ ತಮ್ಮನದರ ಹಾಗೆಯೇ ಇದೆ ಎಂಬುದು ಅದುವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಅನಸೂಯಕ್ಕ ಭುಜಕ್ಕೆ ಭುಜ ತಾಗಿಸಿ, ಪಾಪ, ಈಗ ದುಃಖ ಹೊರಗೆ ಬಂತು, ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಊರು ನನ್ನ ಕಣ್ಣೀರನ್ನು ಉಮಾಪತಿಯ ಹೆಸರಿಗೆ ಬರೆದುಕೊಂಡಿತು. ನಿಜವಾಗಿ ಅದು ಒಂದು ಸೊಟ್ಟ ತೂತಿಗೆ ಸೇರಬೇಕಾದದ್ದು. ನಾನು ತಿದ್ದಲು ಹೋಗಲಿಲ್ಲ.

ಕಾಫಿ ಮುಗಿಸಿ ಮನೆಗೆ ಹೋಗಲಿಲ್ಲ. ಚಪ್ಪಲಿ ಸಾಲಿನ ಕೊನೆಯವರೆಗೂ ಅದು ಹೆಜ್ಜೆಹೆಜ್ಜೆಗೂ ಚುಚ್ಚಿತು. ತಾಯಮ್ಮ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ನನ್ನ ಮುಖ ಇನ್ನೂ ಒದ್ದೆಯಾಗಿತ್ತು, ಮತ್ತೆ ಒದ್ದೆಯಾಗುತ್ತಿತ್ತು. ಆಕೆ ಮೋಡದ ಮಾತು ತೆಗೆಯಲಿಲ್ಲ. ಎಣ್ಣೆಯ ಡಬ್ಬಿ ಕೆಳಗಿಟ್ಟು ನೆಟ್ಟಗೆ ನನ್ನನ್ನೇ ನೋಡಿದರು.

"ಈ ಒರೆ ಚೆನ್ನಾಗಿಲ್ಲ," ಎಂದೆ. "ಚುಚ್ಚುತ್ತೆ."

"ಎಲ್ಲಿ?"

ನಾನು ಸೆರಗು ಸರಿಸಿ ಬೆರಳಿಟ್ಟು ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಬಗ್ಗಿದರು, ಮರಳು ಕಾಗದ ಕೈಗೆತ್ತಿಕೊಂಡರು, ಪೂರ್ತಿ ಉಜ್ಜಿಬಿಡಲಾ ಎಂದು ಕೇಳಿದರು.

ಸ್ವಲ್ಪ ಸಾಕು ಎಂದೆ. ಪೂರ್ತಿ ಬೇಡ.